ಫೋಮ್ ಕತ್ತಿಯ ಏಟು ತಡೆಯೋದು ಹೇಗೆ: ಮೊದಲು ಕಾಲು, ಆಮೇಲೆ ಕೈ

ಫೋಮ್ ಕತ್ತಿ ಹಿಡಿದ ಮೊದಲ ದಿನ ಬಹಳ ಜನ ಏಟು ತಡೆಯೋದು ಹೀಗೆ: ಎದುರಿನವನ ಕತ್ತಿ ಎಲ್ಲಿಂದ ಬರುತ್ತೋ ಅಲ್ಲಿಗೆ ತಮ್ಮ ಕತ್ತಿಯನ್ನೂ ಬೀಸುತ್ತಾರೆ. ಎರಡೂ ಗಾಳಿಯಲ್ಲಿ ಸಿಕ್ಕರೆ ಪುಣ್ಯ, ಸಿಗದಿದ್ದರೆ ಪಕ್ಕೆಗೆ ಬಿತ್ತು. ನಾನೂ ಹಾಗೇ ಶುರು ಮಾಡಿದವನು. ಕಲಬುರಗಿಯ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಹುಡುಗರಾಗಿದ್ದಾಗ ತಾಲೀಮಿನಲ್ಲಿ ಲಾಠಿ ತಿರುಗಿಸಿದವರು. ಒಂದು ಮುಂಜಾನೆ ಹಾಲಿನ ಚೀಲ ಹಿಡಿದುಕೊಂಡು ನಿಂತು ನಮ್ಮ ಆಟ ನೋಡಿದರು. "ತಮ್ಮಾ, ನೊಣ ಹೊಡಿಯಾಕತ್ತೀ ಏನು? ಕೈ ಆಮ್ಯಾಲ ಎತ್ತು, ಮೊದಲ ಕಾಲು ತಗಿ" ಅಂದು ಹೋಗಿಬಿಟ್ಟರು.

ಆ ಒಂದು ಮಾತಿಗೆ ನನ್ನ ಆಟ ಬದಲಾಯಿತು. ಕೆಳಗೆ ಬರೆದಿರೋದೆಲ್ಲ ಅದರ ವಿಸ್ತಾರ ಅಷ್ಟೇ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಫೋಮ್ ಸುತ್ತಿದ ಕತ್ತಿ, ಢಾಲು (ಗುರಾಣಿ) ಹಿಡಿದು ಆಡುವ ಸುಳ್ಳು ಕಾಳಗ ಇದು. ನಮ್ಮ ಕಡೆ ಹುಟ್ಟಿದ್ದಲ್ಲ. ಅಮೆರಿಕದ ಮೇರಿಲ್ಯಾಂಡ್ ಕಡೆ 1977ರಲ್ಲಿ ಡಾಗೊರ್ಹಿರ್ ಅಂತ ಶುರುವಾಯಿತು. 1983ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಆಮ್ಟ್‌ಗಾರ್ಡ್ ಅನ್ನೋ ಇನ್ನೊಂದು ಗುಂಪು ಬಂತು. 2001ರಲ್ಲಿ ಡಾಗೊರ್ಹಿರ್‌ನಿಂದ ಕೆಲವರು ಬೇರೆಯಾಗಿ ಬೆಲಗಾರ್ತ್ ಕಟ್ಟಿದರು. ನಿಯಮಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ವ್ಯತ್ಯಾಸ ಇದೆ. ಡಾಗೊರ್ಹಿರ್, ಬೆಲಗಾರ್ತ್‌ಗಳ ಲೆಕ್ಕ ಹೀಗೆ: ಎದೆ, ಹೊಟ್ಟೆ, ಬೆನ್ನಿಗೆ ಗಟ್ಟಿ ಏಟು ಬಿದ್ದರೆ ನೀವು ಸತ್ತ ಹಾಗೆ. ಕೈಗೆ ಬಿದ್ದರೆ ಆ ಕೈ ಹೋಯಿತು. ಕಾಲಿಗೆ ಬಿದ್ದರೆ ಮೊಣಕಾಲೂರಿ ಆಡಬೇಕು. ಎರಡು ಅಂಗ ಹೋದರೆ ಆಟ ಮುಗಿಯಿತು. ತಲೆಗೆ, ಕುತ್ತಿಗೆಗೆ ಕತ್ತಿಯಿಂದ ಹೊಡೆಯುವಂತಿಲ್ಲ. ಹೊಸಬರಿಗೆ ಇಷ್ಟು ಸಾಕು.

ಮೊದಲು ಕತ್ತಿ, ಜಾಗ, ಹೊತ್ತು

ಕತ್ತಿ ಮಾಡೋದು ಇನ್ನೊಂದು ಲೇಖನದಷ್ಟು ಉದ್ದದ ಕಥೆ. ಚಿಕ್ಕದಾಗಿ ಹೇಳುತ್ತೇನೆ. ಒಳಗೆ ಮುಕ್ಕಾಲು ಇಂಚಿನ ಗಟ್ಟಿ ಪಿವಿಸಿ ಪೈಪು. ಅದರ ಸುತ್ತ ಯೋಗ ಮ್ಯಾಟ್ ಅಥವಾ ಮಕ್ಕಳ ಆಟದ ಜೋಡಿಸುವ ಮ್ಯಾಟ್ ಕತ್ತರಿಸಿ, ಎರಡು ಮೂರು ಪದರ. ಅಂಟಿಗೆ ಫೆವಿಕಾಲ್ ಎಸ್‌ಆರ್. ಎರಡೂ ಬದಿಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ. ಮೇಲೆ ಹಳೇ ಲುಂಗಿಯ ಬಟ್ಟೆಯಲ್ಲಿ ಹೊಲಿದ ಚೀಲ. ಬಿದಿರು ಬೇಡ, ಸೀಳಿದರೆ ಚೂರು ಚುಚ್ಚುತ್ತೆ. ತುದಿಯಲ್ಲಿ ಪೈಪಿನ ಬಾಯಿ ಮುಚ್ಚಿ, ಅದರ ಮುಂದೆ ಕನಿಷ್ಠ ಮೂರು ಬೆರಳು ದಪ್ಪ ಫೋಮ್ ಇರಲಿ. ಹಿಡಿಕೆಯ ಬುಡಕ್ಕೂ ಫೋಮ್ ಬೇಕೇ ಬೇಕು. ನನ್ನ ಮೊದಲ ಕತ್ತಿಗೆ ಅಲ್ಲಿ ಬರೀ ಟೇಪ್ ಸುತ್ತಿದ್ದೆ. ಹತ್ತಿರದ ಗುದ್ದಾಟದಲ್ಲಿ ಅದು ಗೆಳೆಯನ ತುಟಿಗೆ ತಾಗಿ, ಅವನು ಎರಡು ದಿನ ರೊಟ್ಟಿ ಬಿಟ್ಟು ಅಂಬಲಿ ಕುಡಿದ.

ಮಾಡಿದ ಕತ್ತಿಯಿಂದ ಮೊದಲ ಏಟು ನಿಮ್ಮ ತೊಡೆಗೇ ಹೊಡೆದುಕೊಳ್ಳಿ. ಒಳಗಿನ ಪೈಪು ತಾಗಿದ ಹಾಗೆ ಅನಿಸಿದರೆ ಇನ್ನೊಂದು ಪದರ ಸುತ್ತಿ. ಕನ್ನಡಕ ಹಾಕುವವರು ಮೇಲೊಂದು ಕಣ್ಣಿನ ರಕ್ಷಣೆ ಹಾಕಿ. ಕ್ರಿಕೆಟ್ ಆಡುವವರ ಮನೆಯಿಂದ ಗಾರ್ಡ್ ಕೇಳಿ ತನ್ನಿ, ನಾಚಿಕೆ ಬೇಡ.

ಜಾಗದ ವಿಷಯದಲ್ಲಿ ನಮ್ಮ ಕಡೆಯ ಒಂದು ಸಮಸ್ಯೆ ಹೇಳಲೇಬೇಕು. ಎರೆ ಭೂಮಿ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತೆ. ಹಿಂದೆ ಹೆಜ್ಜೆ ಇಡುವಾಗ ಪಾದ ಅದರಲ್ಲಿ ಸಿಕ್ಕರೆ ಕಾಲು ಉಳುಕಿದಂತೆಯೇ. ಮಳೆಗಾಲದಲ್ಲಿ ಅದೇ ಮಣ್ಣು ಚಪ್ಪಲಿಗೆ ಎರಡು ಕಿಲೊ ಅಂಟುತ್ತೆ. ಹಾಗಾಗಿ ಗರಸಿನ ನೆಲ ಅಥವಾ ಹುಲ್ಲಿನ ಮೈದಾನ ಹುಡುಕಿ. ಬೀದರಿನವರಿಗೆ ಕೆಂಪು ಮುರಕಲ್ಲಿನ ನೆಲ ಇದೆ, ಆ ಮಟ್ಟಿಗೆ ಅವರು ಪುಣ್ಯವಂತರು. ಆದರೆ ಬಿದ್ದರೆ ಮೊಣಕಾಲು ಕೆರೆಯುತ್ತೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಮುಂಜಾನೆ ಎಂಟರೊಳಗೆ ಮುಗಿಸಿ.

ಕೋಟೆಯೊಳಗೆ ಆಡೋಣ ಅಂತ ಪ್ರತಿ ಗುಂಪಿನಲ್ಲೂ ಒಬ್ಬ ಹೇಳುತ್ತಾನೆ. ಫೋಟೋ ಚಂದ ಬರುತ್ತೆ, ನಿಜ. ಆದರೆ ಕಲಬುರಗಿ ಕೋಟೆ, ಬೀದರ್ ಕೋಟೆ ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅನುಮತಿ ಇಲ್ಲದೆ ಹೋಗಬೇಡಿ. ಕತ್ತಿಗಳನ್ನು ದಾರಿಯಲ್ಲಿ ಚೀಲದಲ್ಲೇ ಇಡಿ. ದೂರದಿಂದ ನೋಡಿದವರಿಗೆ ಅದು ಫೋಮೋ ಕಬ್ಬಿಣವೋ ಗೊತ್ತಾಗಲ್ಲ. ಮೆರವಣಿಗೆ, ಜಾತ್ರೆಯ ದಿನಗಳಲ್ಲಂತೂ ಮನೆಯಲ್ಲೇ ಇರಲಿ.

ಹೆಜ್ಜೆ ಒಂದು: ಏಟಿಗೆ ಸಿಗದಿರುವುದು

ಎಲ್ಲಕ್ಕಿಂತ ಒಳ್ಳೆಯ ತಡೆ ಅಂದ್ರೆ ಏಟು ಬಂದ ಜಾಗದಲ್ಲಿ ನೀವು ಇಲ್ಲದಿರುವುದು. ಎದುರಿನವನನ್ನು ಕೈ ಪೂರ್ತಿ ಚಾಚಿ ನಿಲ್ಲಲು ಹೇಳಿ. ಅವನ ಕತ್ತಿಯ ತುದಿ ನಿಮ್ಮ ಎದೆಗೆ ಒಂದು ಗೇಣು ದೂರ ಇರುವ ಹಾಗೆ ನೀವು ನಿಲ್ಲಿ. ಅದು ನಿಮ್ಮ ಗೆರೆ. ಅವನು ಹೆಜ್ಜೆ ಹಾಕದೆ ನಿಮ್ಮನ್ನು ಮುಟ್ಟಲಾರ. ಈಗ ಅವನು ಒಂದು ಹೆಜ್ಜೆ ಮುಂದೆ ಬಂದು ಹೊಡೆಯಲಿ. ನೀವು ಹಿಂದಿನ ಕಾಲು ಮೊದಲು ಸರಿಸಿ, ಮುಂದಿನ ಕಾಲು ಅದರ ಹಿಂದೆ ಎಳೆದುಕೊಳ್ಳಿ. ಕಾಲು ದಾಟಿಸಬೇಡಿ. ಪಾದಗಳ ನಡುವೆ ಭುಜದಷ್ಟು ಅಗಲ, ಮೊಣಕಾಲು ಸ್ವಲ್ಪ ಸಡಿಲ. ಬಾವಿ ಕಟ್ಟೆಯ ಮೇಲೆ ನಿಂತು ಕೊಡ ಎಳೆಯುವವರ ನಿಲುವು ನೆನಪಿಸಿಕೊಳ್ಳಿ.

ನೇರ ಹಿಂದೆ ಹೋಗುವುದು ಎರಡು ಸಲ ಕೆಲಸ ಮಾಡುತ್ತೆ. ಮೂರನೇ ಸಲ ಅವನು ಓಡಿ ಬರುತ್ತಾನೆ. ಅದಕ್ಕೇ ಓರೆಯಾಗಿ ಸರಿಯಿರಿ. ಅವನು ಬಲಗೈಯವನಾದರೆ, ಅವನ ಎಡಭುಜದ ಕಡೆಗೆ, ಅಂದ್ರೆ ನಿಮ್ಮ ಬಲಕ್ಕೆ. ಅವನ ಕತ್ತಿ ತನ್ನ ಮೈಯನ್ನೇ ದಾಟಿ ನಿಮ್ಮ ಕಡೆ ಬರಬೇಕಾಗುತ್ತೆ. ಅಷ್ಟು ಹೊತ್ತು ನಿಮಗೆ ಸಾಕು. ಅವನ ಎಡಗೈಯಲ್ಲಿ ಢಾಲು ಇದ್ದರೆ ಮಾತ್ರ ಈ ಲೆಕ್ಕ ತಿರುಗುಮುರುಗು. ಆ ಕಡೆ ಹೋದರೆ ನೀವೇ ಗೋಡೆಗೆ ಹೋಗಿ ನಿಂತಂತೆ.

ವಾರ ಪೂರ್ತಿ ಇದನ್ನೇ ಮಾಡಿ, ಕೈಯಲ್ಲಿ ಕತ್ತಿ ಇಲ್ಲದೆ. ಬೇಜಾರಾಗುತ್ತೆ. ಆದ್ರೂ ಮಾಡಿ.

ಹೆಜ್ಜೆ ಎರಡು: ಅಲಗಿನ ಯಾವ ಭಾಗ

ಕತ್ತಿಯನ್ನು ಉದ್ದಕ್ಕೆ ಮೂರು ಪಾಲು ಮಾಡಿ ನೋಡಿ. ಹಿಡಿಕೆಯ ಹತ್ತಿರದ ಪಾಲು ಗಟ್ಟಿ, ತುದಿಯ ಪಾಲು ಮೆತ್ತಗೆ. ಬಾಗಿಲನ್ನು ಕೀಲಿನ ಹತ್ತಿರ ಒಂದು ಬೆರಳಿನಿಂದ ತಳ್ಳಿ ನೋಡಿ, ಆಮೇಲೆ ಚಿಲಕದ ಹತ್ತಿರ ತಳ್ಳಿ. ಅದೇ ಲೆಕ್ಕ ಇದು. ತಡೆಯುವಾಗ ಎದುರಿನವನ ತುದಿ ನಿಮ್ಮ ಗಟ್ಟಿ ಪಾಲಿಗೆ ಬರಬೇಕು. ನಿಮ್ಮ ತುದಿಯಿಂದ ಅವನ ಗಟ್ಟಿ ಪಾಲನ್ನು ತಡೆಯಲು ಹೋದರೆ ಏಟು ನಿಮ್ಮ ಕತ್ತಿಯನ್ನೂ ಹೊತ್ತುಕೊಂಡು ನಿಮ್ಮ ಮೈಗೇ ಬರುತ್ತೆ.

ಮೊಣಕೈ ಪಕ್ಕೆಯಿಂದ ಒಂದು ಗೇಣು ಮುಂದೆ ಇರಲಿ. ಪೂರ್ತಿ ಚಾಚಿದ ಕೈಗೆ ಬಲ ಇರಲ್ಲ, ಮೈಗೆ ಅಂಟಿದ ಕೈಗೆ ಜಾಗ ಇರಲ್ಲ.

ಹೆಜ್ಜೆ ಮೂರು: ನಾಲ್ಕು ಬಾಗಿಲು

ನಿಮ್ಮ ಮೈಯನ್ನು ನಡು ಮತ್ತು ಮೂಗಿನ ಗೆರೆಯಿಂದ ನಾಲ್ಕು ತುಂಡು ಮಾಡಿ. ಬಲಭುಜ, ಎಡಭುಜ, ಬಲತೊಡೆ, ಎಡತೊಡೆ. ಬರುವ ಏಟೆಲ್ಲ ಈ ನಾಲ್ಕು ಬಾಗಿಲಲ್ಲಿ ಒಂದಕ್ಕೆ.

ಭುಜದ ಎರಡು ಬಾಗಿಲಿಗೆ ಮುಷ್ಟಿ ಎದೆಯ ಮಟ್ಟದಲ್ಲಿ, ಕತ್ತಿಯ ತುದಿ ಮೇಲಕ್ಕೆ. ಕೈ ಒಂದು ಗೇಣಿಗಿಂತ ಜಾಸ್ತಿ ಅಡ್ಡ ಹೋಗಬಾರದು. ಇಲ್ಲೇ ಎಲ್ಲರೂ ಕೆಡೋದು. ಎಡಭುಜ ಕಾಯಲು ಮುಷ್ಟಿಯನ್ನು ಎಡ ಕಿವಿಯ ಆಚೆವರೆಗೂ ಒಯ್ಯುತ್ತಾರೆ, ಬಲಬಾಗಿಲು ಹಾರುಹೊಡೆದು ಬಿಟ್ಟಂತಾಗುತ್ತೆ. ಎದುರಿನವನು ಬೇಕಂತಲೇ ಎಡಕ್ಕೆ ಹೊಡೆದ ಹಾಗೆ ಮಾಡಿ ಬಲಕ್ಕೆ ಬರುತ್ತಾನೆ.

ತೊಡೆಯ ಬಾಗಿಲಿಗೆ ಮಣಿಕಟ್ಟು ತಿರುಗಿಸಿ ತುದಿಯನ್ನು ಕೆಳಗೆ ಇಳಿಸಿ. ಮುಷ್ಟಿ ನಡುವಿನ ಮಟ್ಟದಲ್ಲೇ ಇರಲಿ. ಸೊಂಟ ಬಗ್ಗಿಸಿ ಕೆಳಗೆ ಹೋಗಬೇಡಿ. ಬಗ್ಗಿದ ಕೂಡಲೇ ತಲೆ ಮುಂದೆ ಬರುತ್ತೆ, ಅವನ ಭುಜದ ಏಟು ನಿಮ್ಮ ಕೆನ್ನೆಗೆ ಬೀಳುತ್ತೆ. ನಿಯಮ ಅವನ ಕೈ ಕಟ್ಟಿರಬಹುದು, ಆದರೆ ತಲೆ ತಂದು ಕೊಟ್ಟವರು ನೀವು. ಮುಂದಿನ ಕಾಲಿಗೆ ಏಟು ಬಂದರೆ ತಡೆಯುವುದಕ್ಕಿಂತ ಆ ಕಾಲನ್ನು ಹಿಂದಕ್ಕೆ ಎಳೆದು, ಅದೇ ಹೊತ್ತಿಗೆ ಅವನ ಭುಜಕ್ಕೆ ಕತ್ತಿ ಚಾಚುವುದು ಚಲೋ. ಕಾಲಿಗೆ ಹೊಡೆಯಲು ಅವನು ಕೈ ಕೆಳಗೆ ಇಳಿಸಿದ್ದಾನೆ, ಭುಜ ಖಾಲಿ ಇದೆ.

ಹೆಜ್ಜೆ ನಾಲ್ಕು: ಜಾರಿಸುವುದು

ಬೀದರ್ ಕೋಟೆಗೆ ಹೋದವರಿಗೆ ಶರ್ಜಾ ದರವಾಜೆಯಿಂದ ಗುಂಬಜ್ ದರವಾಜೆಗೆ ಹೋಗುವ ದಾರಿ ನೆನಪಿರಬಹುದು. ನೇರ ಇಲ್ಲ, ಬಾಗಿ ಹೋಗುತ್ತೆ. ಆನೆಯಾಗಲಿ ದಂಡಾಗಲಿ ಒಂದೇ ಓಟದಲ್ಲಿ ಬಂದು ಬಾಗಿಲಿಗೆ ಗುದ್ದಲು ಆಗಬಾರದು ಅಂತ ಹಳೇ ಕೋಟೆಗಳಲ್ಲಿ ಇಂಥ ತಿರುವು ಇಡುತ್ತಿದ್ದರು. ಓಟದ ಬಲ ತಿರುವಿನಲ್ಲೇ ಸತ್ತುಹೋಗುತ್ತೆ.

ಕತ್ತಿಯಲ್ಲೂ ಹಾಗೇ. ಬರುವ ಏಟಿಗೆ ನಿಮ್ಮ ಅಲಗನ್ನು ಚಚ್ಚೌಕವಾಗಿ ಅಡ್ಡ ಹಿಡಿದರೆ ಪೂರ್ತಿ ಬಲ ನಿಮ್ಮ ಮಣಿಕಟ್ಟಿಗೆ. ಸ್ವಲ್ಪ ಓರೆ ಮಾಡಿ ಹಿಡಿಯಿರಿ, ಮಳೆ ನೀರು ಸೂರಿನಿಂದ ಇಳಿದ ಹಾಗೆ ಅವನ ಕತ್ತಿ ಜಾರಿ ಪಕ್ಕಕ್ಕೆ ಹೋಗುತ್ತೆ. ಭುಜದ ಮೇಲಿಂದ ಬರುವ ಏಟಿಗೆ ಮುಷ್ಟಿಯನ್ನು ಹಣೆಗಿಂತ ಮೇಲೆ ಎತ್ತಿ, ತುದಿಯನ್ನು ನಿಮ್ಮ ಇನ್ನೊಂದು ಭುಜದ ಆಚೆ ಇಳಿಬಿಟ್ಟರೆ ನಿಮ್ಮ ಕತ್ತಿಯೇ ಸೂರು. ಅವನ ಕತ್ತಿ ಜಾರಿ ಮುಗಿಯುವ ಹೊತ್ತಿಗೆ ನಿಮ್ಮದು ಅದೇ ಸುತ್ತಿನಲ್ಲಿ ತಿರುಗಿ ಅವನ ಕಡೆ ಹೊರಟಿರುತ್ತೆ. ತಡೆ ಬೇರೆ, ಹೊಡೆತ ಬೇರೆ ಅಂತ ಎಣಿಸಿ ಮಾಡುವವರು ಯಾವಾಗಲೂ ತಡವಾಗುತ್ತಾರೆ.

ಹೆಜ್ಜೆ ಐದು: ಢಾಲು

ಢಾಲಿನಲ್ಲಿ ಹೊಸಬರ ತಪ್ಪು ಒಂದೇ, ಅದನ್ನು ಅಲ್ಲಾಡಿಸೋದು. ಢಾಲನ್ನು ಏಟಿನ ಹಿಂದೆ ಓಡಿಸಬೇಡಿ. ಮೈಯಿಂದ ಒಂದು ಮೊಳ ಮುಂದೆ ಹಿಡಿಯಿರಿ. ಮುಂದೆ ಇದ್ದಷ್ಟೂ ಚಿಕ್ಕ ಢಾಲೂ ದೊಡ್ಡದಾಗುತ್ತೆ. ಕಣ್ಣಿನ ಮುಂದೆ ಅಂಗೈ ಇಟ್ಟು ನೋಡಿ, ಗೋಡೆಯೇ ಕಾಣಲ್ಲ. ಈಗ ಎದುರಿನವನ ಕಣ್ಣಿನಿಂದ ಯೋಚಿಸಿ.

ಮೇಲಿನ ಅಂಚು ಗದ್ದದ ಮಟ್ಟ. ಅದಕ್ಕಿಂತ ಮೇಲೆ ಹಿಡಿದರೆ ನಿಮಗೇ ಕುರುಡು. ಢಾಲಿನ ಹಿಂದೆ ತಿರುಗಿ ಬೆನ್ನಿಗೆ ಬರುವ ಏಟು ಈ ಆಟದಲ್ಲಿ ಜಾಸ್ತಿ. ಅದಕ್ಕೆ ಢಾಲಿನ ಹೊರ ಅಂಚನ್ನು ಎರಡು ಬೆರಳು ಹೊರಕ್ಕೆ ತಿರುಗಿಸಿದರೆ ಸಾಕು. ಇನ್ನೊಂದು ಬದಿ ಕತ್ತಿಯ ಕೆಲಸ.

ನಮ್ಮ ನೆಲದ ಢಾಲು ಚಿಕ್ಕದು, ದುಂಡಗೆ, ಬಹಳಷ್ಟು ತೊಗಲಿನದು. ಮುಂದೆ ನಾಲ್ಕು ಗುಂಡನೆಯ ಉಬ್ಬು ಕಾಣುತ್ತವಲ್ಲ, ಅವು ಬರೀ ಅಂದಕ್ಕಲ್ಲ. ಹಿಂದಿನ ಹಿಡಿಕೆಯ ಬಳೆಗಳನ್ನು ಬಿಗಿದ ಮೊಳೆಗಳು ಅಲ್ಲಿವೆ. ಎರಡು ಪಟ್ಟಿಯನ್ನೂ ಒಂದೇ ಮುಷ್ಟಿಯಲ್ಲಿ ಹಿಡಿಯೋದು, ಬೆರಳ ಗಂಟಿಗೆ ತಾಗದಂತೆ ಒಳಗೊಂದು ಮೆತ್ತೆ. ಮುಷ್ಟಿಯಲ್ಲಿ ಹಿಡಿದ ಢಾಲು ಮುಂದಕ್ಕೆ ಚಾಚಲು, ತಿರುಗಿಸಲು ಹೇಳಿ ಮಾಡಿಸಿದ್ದು. ಯುರೋಪಿನಲ್ಲೂ ಇಂಥದೇ ಪುಟ್ಟ ಢಾಲು ಇತ್ತು. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ, ಸುಮಾರು 700 ವರ್ಷ ಹಳೆಯ ಒಂದು ಸಚಿತ್ರ ಹಸ್ತಪ್ರತಿಯಲ್ಲಿ ಅದರ ಪಟ್ಟುಗಳಿವೆ. ಅದನ್ನು ಐ.33 ಅಂತ ಕರೆಯುತ್ತಾರೆ. ಅದರ ಚಿತ್ರಗಳಲ್ಲಿ ಢಾಲು ಬಹಳ ಸಲ ಕತ್ತಿ ಹಿಡಿದ ಕೈಯ ಪಕ್ಕದಲ್ಲೇ ಇರುತ್ತೆ. ಹೊಡೆಯಲು ಚಾಚಿದ ಕೈಯೇ ಮೊದಲು ಕಡಿತಕ್ಕೆ ಸಿಗುವುದು, ಅದಕ್ಕೇ ಮೊದಲು ಅದನ್ನು ಕಾಯೋದು.

ಎರಡು ಕೈಯ ದೊಡ್ಡ ಕತ್ತಿ ಎದುರಿದ್ದರೆ ಢಾಲನ್ನು ನಂಬಿ ಕೂರಬೇಡಿ. ಡಾಗೊರ್ಹಿರ್, ಬೆಲಗಾರ್ತ್ ನಿಯಮದಲ್ಲಿ ಅಂಥ ಕತ್ತಿಯ ಎರಡು ಗಟ್ಟಿ ಏಟಿಗೆ ಢಾಲು ಮುರಿದ ಲೆಕ್ಕ. ಮೊದಲ ಏಟು ಢಾಲಿಗೆ ತಗೊಳ್ಳಿ, ಎರಡನೆಯದು ಎತ್ತುವ ಮುಂಚೆ ಒಳಗೆ ನುಗ್ಗಿ. ಉದ್ದ ಕತ್ತಿ ಹತ್ತಿರದಲ್ಲಿ ಬರೀ ಕೋಲು. ಭರ್ಚಿಗೂ ಅದೇ ಮದ್ದು: ಮೊನೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ಕೋಲಿನ ಉದ್ದಕ್ಕೆ ಕತ್ತಿ ಒತ್ತಿಕೊಂಡೇ ಮುಂದೆ ಹೋಗಿ.

ನಿಜದ ಕತ್ತಿ ಆಗಿದ್ದರೆ?

ಈ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಆಟಕ್ಕಿಂತ ಜಾಸ್ತಿ ಜಗಳ ಆಗಿದೆ. ಶೇಂಗಾ ಹಿಂಡಿ ರೊಟ್ಟಿ ಆರಿಹೋಗುವವರೆಗೂ.

ಯುರೋಪಿನ ಎರಡು ಕೈಯ ಉದ್ದ ಕತ್ತಿ ಸಾಮಾನ್ಯವಾಗಿ 1.1ರಿಂದ 1.8 ಕಿಲೊ ತೂಗುತ್ತಿತ್ತು. ನನ್ನ ಒಂದು ಕೈಯ ಫೋಮ್ ಕತ್ತಿಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 400 ಗ್ರಾಂ ಒಳಗೆ. ಈ ಹಗುರತನವೇ ಎಲ್ಲ ಸುಳ್ಳಿನ ಮೂಲ. ಮಣಿಕಟ್ಟನ್ನು ಹೀಗೆ ಚಿಮ್ಮಿಸಿ ಕೊನೇ ಗಳಿಗೆಯಲ್ಲಿ ತಡೆಯಬಹುದು. ತೂಕದ ಕಬ್ಬಿಣದಲ್ಲಿ ಅಷ್ಟು ಹೊತ್ತಿಗೆ ಕೈ ಹೊರಟೇ ಇರುವುದಿಲ್ಲ. ಫೋಮ್ ಫೋಮಿಗೆ ತಾಗಿದರೆ ಪುಟಿಯುತ್ತೆ. ಹರಿತ ಅಲಗು ಅಲಗಿಗೆ ತಾಗಿದರೆ ಕಚ್ಚಿ ನಿಲ್ಲುತ್ತೆ, ಅಲ್ಲಿಂದ ಒತ್ತಾಟ ಶುರು. ಆ ಒತ್ತಾಟ ನಮ್ಮ ಆಟದಲ್ಲಿ ಇಲ್ಲವೇ ಇಲ್ಲ.

ನನಗೆ ಎಲ್ಲಕ್ಕಿಂತ ಸುಳ್ಳು ಅನಿಸೋದು ಕೈಬೆರಳಿನ ತಡೆ. ಕತ್ತಿ ಹಿಡಿದ ಮುಷ್ಟಿಗೆ ಬಿದ್ದ ಏಟನ್ನು ಕತ್ತಿಗೆ ಬಿದ್ದ ಹಾಗೆ ಲೆಕ್ಕ ಹಾಕುವ ನಿಯಮ ಇದೆ. ಬೆರಳಿಗೆ ಗುರಿ ಇಟ್ಟು ಹೊಡೆಯಬಾರದು ಅನ್ನೋ ಕಾರಣಕ್ಕೆ ಅದು ಒಳ್ಳೇ ನಿಯಮ. ಆದರೆ ಕೆಲವರು ಮುಷ್ಟಿಯನ್ನೇ ಢಾಲು ಮಾಡಿಕೊಳ್ಳುತ್ತಾರೆ. ನಿಜದ ಕಾಳಗದಲ್ಲಿ ಅವರಿಗೆ ಸಂಜೆ ಊಟ ಕಲಸಲು ಬೆರಳು ಉಳಿಯುತ್ತಿರಲಿಲ್ಲ. ಅದಕ್ಕೆ ನಾವು ಒಂದು ಮನೆ ನಿಯಮ ಇಟ್ಟುಕೊಂಡಿದ್ದೇವೆ. ಗೊತ್ತಿಲ್ಲದೆ ಬಿದ್ದರೆ ಲೆಕ್ಕಕ್ಕಿಲ್ಲ. ಒಂದೇ ಆಟದಲ್ಲಿ ಮೂರು ಸಲ ಮುಷ್ಟಿಯಿಂದ ತಡೆದರೆ ಆ ಕೈ ಹೋಯಿತು.

ಇನ್ನೊಂದು, ತಡೆಯನ್ನು ಒಡೆದು ಬಂದ ಏಟು. ನಿಮ್ಮ ಕತ್ತಿ ಅಡ್ಡ ಇತ್ತು, ಆದರೂ ಅವನ ಏಟು ಅದನ್ನು ತಳ್ಳಿಕೊಂಡು ಬಂದು ಪಕ್ಕೆಗೆ ಗಟ್ಟಿಯಾಗಿ ಬಿತ್ತು. "ನಾ ತಡದೀನಿ" ಅಂತ ಕೂಗಬೇಡಿ. ಅದು ಬಿದ್ದ ಏಟೇ. ಬರೀ ಸವರಿಕೊಂಡು ಹೋದರೆ ಲೆಕ್ಕಕ್ಕಿಲ್ಲ. ಎರಡರ ನಡುವಿನ ಗೆರೆ ಯಾರಿಗೆ ಏಟು ಬಿತ್ತೋ ಅವರ ನಾಲಿಗೆಯ ಮೇಲಿದೆ. ನಮ್ಮಲ್ಲಿ ಏಟು ತಿಂದವನೇ "ಬಿತ್ತು" ಅನ್ನಬೇಕು, ಹೊಡೆದವನು ಏನೂ ಹೇಳುವಂತಿಲ್ಲ. ಒಬ್ಬ ಗೆಳೆಯನಿಗೆ ಎಷ್ಟು ಬಿದ್ದರೂ ಬೀಳುತ್ತಿರಲಿಲ್ಲ. ಅವನ ಜೊತೆ ಯಾರೂ ಜೋಡಿ ಆಗದೆ ಹೋದಾಗ ತಾನಾಗಿಯೇ ಸರಿಹೋದ.

ಹಾಗಂತ ಎಲ್ಲವನ್ನೂ ನಿಜ ಮಾಡಲು ಹೋಗಬೇಡಿ. ಕತ್ತಿಯೊಳಗೆ ಮರಳು ತುಂಬಿ ತೂಕ ಹೆಚ್ಚಿಸೋಣ ಅಂತ ಒಬ್ಬ ಹೇಳಿದ್ದ. ಕಬ್ಬಿಣದಲ್ಲೇ ಆಡುವ ಆಟವೂ ಇದೆ, 2010ರಿಂದ ದೇಶ ದೇಶಗಳ ತಂಡಗಳು ಪೂರ್ತಿ ಕವಚ ತೊಟ್ಟು ಕಾದಾಡುವ ಪಂದ್ಯ ನಡೆದಿದೆ. ಅವರಿಗೆ ಶಿರಸ್ತ್ರಾಣ ಇದೆ, ನಮಗೆ ಇರೋದು ಟೋಪಿ. ನಿಜತನ ಬೇಕಿದ್ದರೆ ತೂಕ ಬಿಡಿ, ನಡವಳಿಕೆ ತಿದ್ದಿ. ಕತ್ತಿಯ ಒಂದು ಅಂಚಿಗೆ ಬಣ್ಣದ ಗೆರೆ ಹೊಲಿಸಿ, ಆ ಅಂಚಿನಿಂದ ಬಿದ್ದ ಏಟು ಮಾತ್ರ ಏಟು ಅನ್ನಿ. ಒಂದೇ ದಿನದಲ್ಲಿ ಅರ್ಧ ಚಿಲ್ಲರೆ ಏಟುಗಳು ಮಾಯ.

ಸೀಮೆಸುಣ್ಣದ ಅಭ್ಯಾಸ

ಇದೊಂದನ್ನು ತಪ್ಪದೆ ಮಾಡಿ. ಇಬ್ಬರೂ ಕಪ್ಪು ಅಂಗಿ, ಕಪ್ಪು ಪ್ಯಾಂಟು ಹಾಕಿ. ಶಾಲೆಯ ಬಿಳಿ ಸೀಮೆಸುಣ್ಣವನ್ನು ಕತ್ತಿಯ ಬಟ್ಟೆಗೆ ಚೆನ್ನಾಗಿ ಉಜ್ಜಿ. ಮನೆಯ ಗೋಡೆಗೆ ಬಳಿಯುವ ಸುಣ್ಣ ಅಲ್ಲ, ಅದು ಕಣ್ಣು ಸುಡುತ್ತೆ. ಒಬ್ಬ ಹೊಡೆಯೋದು, ಇನ್ನೊಬ್ಬ ಬರೀ ತಡೆಯೋದು. ಮೊದಲ ಇಪ್ಪತ್ತು ಏಟು ಕಾಲು ಭಾಗದ ವೇಗದಲ್ಲಿ, ಯಾವ ಬಾಗಿಲು ಅಂತ ಬಾಯಲ್ಲಿ ಹೇಳಿ. ಮುಂದಿನ ಇಪ್ಪತ್ತು ಹೇಳದೆ. ಕೊನೆಯ ಇಪ್ಪತ್ತು ಅರ್ಧ ವೇಗದಲ್ಲಿ, ಹೆಜ್ಜೆ ಹಾಕುತ್ತಾ. ಪೂರ್ತಿ ವೇಗ ಮೊದಲ ತಿಂಗಳು ಬೇಡ.

ಮುಗಿದ ಮೇಲೆ ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕಿ ನೋಡಿ. ದಪ್ಪ ಗೆರೆ ಅಂದ್ರೆ ತಡೆ ಇರಲೇ ಇಲ್ಲ. ತೆಳು, ಉಜ್ಜಿದ ಗೆರೆ ಅಂದ್ರೆ ತಡೆ ತಡವಾಯಿತು. ಗೆರೆಗಳು ಒಂದೇ ಕಡೆ ಗುಂಪಾಗಿದ್ದರೆ ಆ ಬಾಗಿಲಿಗೆ ಮುಂದಿನ ವಾರ ಪೂರ್ತಿ ಕೊಡಿ. ನನ್ನ ಮೊದಲ ದಿನ ಹದಿನೇಳು ಗೆರೆ ಇದ್ದವು, ಅದರಲ್ಲಿ ಹತ್ತು ಎಡತೊಡೆಗೆ. ಕಾಕಾ ಆ ಪ್ಯಾಂಟು ನೋಡಿ, "ಈ ಕಾಲು ಯಾರ್ದು, ಬಾಡಿಗಿದೇನು?" ಅಂದರು. ಹೋದ ಭಾನುವಾರ ಮೂರೇ ಗೆರೆ. ಮೂರೂ ಎಡತೊಡೆಗೇ.